ರಕ್ತದ ಚೀಟಿಯೂ ಮನುಷ್ಯನ ಬೆಲೆಯೂ

ಕುಡುಗೋಲು ಕಣದ ರೋಗವನ್ನು ಕುರಿತು ಒಂದು ಪಾಠ

ಈ ತಿಂಗಳಿನ ಪಾಠದಲ್ಲಿ ನಾವು ವಿಚಾರಿಸತಕ್ಕ ಸಂಗತಿಯು ಒಂದು ಸಣ್ಣ ಚೀಟಿಯನ್ನು ಕುರಿತಾದದ್ದು. 2023ನೆಯ ಇಸವಿ ಜುಲೈ 1ನೆಯ ತಾರೀಖಿನಲ್ಲಿ ನಮ್ಮ ದೇಶದ ಪ್ರಧಾನ ಮಂತ್ರಿಯವರು ಮಧ್ಯಪ್ರದೇಶದ ಶಹಡೋಲ್ ಎಂಬ ಸ್ಥಳದಲ್ಲಿ ಒಂದು ದೊಡ್ಡ ಕಾರ್ಯವನ್ನು ಪ್ರಾರಂಭಿಸಿದರು. ಆಸ್ಪತ್ರೆಯವರು ಸಿಕಲ್ ಸೆಲ್ ಎಂದು ಕರೆಯುವ ಕುಡುಗೋಲು ಕಣದ ರೋಗವು 2047ನೆಯ ಇಸವಿಯೊಳಗೆ ದೇಶದಿಂದ ನಿರ್ಮೂಲವಾಗಬೇಕೆಂಬದೇ ಆ ಕಾರ್ಯದ ಗುರಿ. ಇದಕ್ಕಾಗಿ 17 ರಾಜ್ಯಗಳಲ್ಲಿ, ಮುಖ್ಯವಾಗಿ ಬುಡಕಟ್ಟಿನ ಜನರೊಳಗೆ, 40 ವರುಷದ ತನಕದ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸಬೇಕೆಂದು ಗೊತ್ತುಮಾಡಲಾಯಿತು. ನಮ್ಮ ಕರ್ನಾಟಕವೂ ಆ ಹದಿನೇಳರಲ್ಲಿ ಒಂದು. ಯಾಕಂದರೆ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳಲ್ಲಿರುವ ಸೋಲಿಗರ ಪೋಡುಗಳಲ್ಲಿಯೂ ಜೇನುಕುರುಬರ ಹಾಡಿಗಳಲ್ಲಿಯೂ ಈ ರೋಗವು ಉಂಟು.

ಪರೀಕ್ಷೆಯಾದ ಮೇಲೆ ಒಂದು ಚೀಟಿಯನ್ನು ಕೊಡುವರು. ಈ ಮನುಷ್ಯನಿಗೆ ರೋಗವಿಲ್ಲ, ಅಥವಾ ಈತನು ರೋಗದ ವಾಹಕನು, ಅಥವಾ ಈತನಿಗೆ ರೋಗವುಂಟು ಎಂಬ ಮೂರರಲ್ಲಿ ಒಂದು ಮಾತು ಅದರಲ್ಲಿರುವದು. ಚೀಟಿಯು ಒಳ್ಳೇದೇ. ಆದರೆ ಅದನ್ನು ಓದುವವರು ತಪ್ಪಾಗಿ ಓದಿದರೆ ಒಬ್ಬ ಹುಡುಗಿಯ ಮದುವೆ ಮುರಿಯಬಹುದು, ಒಬ್ಬ ಹುಡುಗನ ಕೆಲಸ ಹೋಗಬಹುದು, ಒಂದು ಕುಲಕ್ಕೇ ಹೆಸರು ಕೆಡಬಹುದು. ಆದದರಿಂದ ಚೀಟಿಯು ಏನು ಹೇಳುವದು, ಏನು ಹೇಳುವದಿಲ್ಲ ಎಂಬ ಈ ಎರಡನ್ನೂ ನಾವು ಚೆನ್ನಾಗಿ ತಿಳುಕೊಳ್ಳಬೇಕು.

1. ರೋಗವು ಎಂಥದು?

ನಮ್ಮ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ ಕೆಂಪು ಕಣಗಳು ಲೆಕ್ಕವಿಲ್ಲದಷ್ಟು ಇವೆ. ಒಂದೊಂದು ಕಣವು ಉದ್ದಿನ ವಡೆಯ ಹಾಗೆ ದುಂಡಗಿದ್ದು, ನಡುವೆ ತೂತಿಲ್ಲದೆ ತಗ್ಗು ಮಾತ್ರ ಉಳ್ಳದ್ದಾಗಿರುವದು. ಅದು ಮೆತ್ತಗಿರುವದರಿಂದ ಕೂದಲಿಗಿಂತ ಸಣ್ಣ ನಾಳಗಳಲ್ಲಿಯೂ ನುಸುಳಿ ಹೋಗುವದು. ಅದರೊಳಗೆ ಹಿಮೋಗ್ಲೋಬಿನ್ ಎಂಬ ದ್ರವ್ಯವುಂಟು. ನಾವು ಉಸಿರಾಡುವ ಪ್ರಾಣವಾಯುವನ್ನು ಶರೀರದ ಎಲ್ಲಾ ಭಾಗಗಳಿಗೆ ಹೊತ್ತುಕೊಂಡು ಹೋಗುವದು ಇದೇ.

ಈ ದ್ರವ್ಯವು ಸರಪಣಿಗಳಿಂದ ಆಗಿದೆ. ಅವುಗಳಲ್ಲಿ ಬೀಟಾ ಎಂಬ ಒಂದು ಜಾತಿಯ ಸರಪಣಿಗೆ 146 ಕೊಂಡಿಗಳು. ಅವುಗಳಲ್ಲಿ ಆರನೆಯ ಕೊಂಡಿಯೊಂದು ಬದಲಾದರೆ ಸಾಕು, ಪ್ರಾಣವಾಯುವನ್ನು ಇಳಿಸಿದ ಮೇಲೆ ಆ ದ್ರವ್ಯವು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳ ಹಾಗೆ ಬಿರುಸಾಗುವದು. ಆಗ ದುಂಡಗಿನ ಕಣವು ಕುಡುಗೋಲಿನ ಹಾಗೆ ಬಾಗಿ ಗಡುಸಾಗುವದು. ಹೀಗೆ ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಓಟವನ್ನು ತಡೆಯುವವು. ಎಲುಬುಗಳಲ್ಲಿಯೂ ಎದೆಯಲ್ಲಿಯೂ ಹೊಟ್ಟೆಯಲ್ಲಿಯೂ ತಾಳಕೂಡದ ನೋವು ಬರುವದು. ಒಳ್ಳೇ ಕಣವು ಸುಮಾರು 120 ದಿವಸ ಬದುಕುವದಾದರೆ, ಬಾಗಿದ ಕಣವು ಹತ್ತು ಇಪ್ಪತ್ತು ದಿವಸಗಳಲ್ಲಿಯೇ ಒಡೆದು ಹೋಗುವದು. ಆದದರಿಂದ ರಕ್ತವು ಕಡಮೆಯಾಗಿ ರೋಗಿಯು ಬೇಗನೆ ದಣಿಯುವನು. ಗುಲ್ಮವು ಕೆಡುವದರಿಂದ ಚಿಕ್ಕ ಮಕ್ಕಳಿಗೆ ಜ್ವರಗಳು ಸುಲಭವಾಗಿ ಅಂಟಿ ಪ್ರಾಣಕ್ಕೆ ಅಪಾಯವಾಗುವದು.

ಅಮೆರಿಕಾ ದೇಶದ ಶಿಕಾಗೋ ಪಟ್ಟಣದ ಹೆರಿಕ್ ಎಂಬ ವೈದ್ಯರು 1910ನೆಯ ಇಸವಿಯಲ್ಲಿ ಈ ಬಾಗಿದ ಕಣಗಳನ್ನು ಕುರಿತು ಮೊದಲು ಬರೆದು ಪ್ರಕಟಿಸಿದರು. ಅವರ ರೋಗಿಯು ಗ್ರೆನೇಡಾ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಬಂದಿದ್ದ ಒಬ್ಬ ವಿದ್ಯಾರ್ಥಿ. 1949ನೆಯ ಇಸವಿಯಲ್ಲಿ ಲೈನಸ್ ಪಾಲಿಂಗ್ ಎಂಬ ಪಂಡಿತರೂ ಅವರ ಸಂಗಡಿಗರೂ ದೋಷವು ಹಿಮೋಗ್ಲೋಬಿನ್ ದ್ರವ್ಯದಲ್ಲಿಯೇ ಇರುವದೆಂದು ತೋರಿಸಿದರು. 1952ನೆಯ ಇಸವಿಯಲ್ಲಿ ನಮ್ಮ ಮಗ್ಗುಲಿನ ನೀಲಗಿರಿ ಬೆಟ್ಟಗಳ ಬುಡಕಟ್ಟಿನ ಜನರಲ್ಲಿಯೂ ಇದು ಕಂಡುಬಂತು. ನಮ್ಮ ದೇಶದಲ್ಲಿ ಈ ಕಣವನ್ನು ಕುರಿತ ಮೊದಲನೆಯ ವರದಿಯು ಅದೇ.

2. ಇದು ಸಂತಾನಕ್ಕೆ ಹೇಗೆ ಬರುವದು?

ಈ ರೋಗವು ಅಂಟುವದಲ್ಲ. ರೋಗಿಯ ಸಂಗಡ ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಚಾಪೆಯಲ್ಲಿ ಮಲಗಿದರೂ ಬರುವದಿಲ್ಲ. ಹುಟ್ಟಿನಿಂದಲೇ ಬರುವಂಥದು. ಹೇಗಂದರೆ, ನಮ್ಮ ಶರೀರದ ಒಂದೊಂದು ಲಕ್ಷಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೆರಡು ಬೀಜಗಳಂಥವು ನಮ್ಮಲ್ಲಿ ಉಂಟು. ಪಂಡಿತರು ಅವುಗಳಿಗೆ ವಂಶವಾಹಿ ಎಂದು ಹೆಸರಿಟ್ಟಿದ್ದಾರೆ. ಎರಡೂ ಒಳ್ಳೇವಾದರೆ ರೋಗವಿಲ್ಲ. ಒಂದು ಒಳ್ಳೇದೂ ಒಂದು ಬದಲಾದದ್ದೂ ಆದರೆ ಆ ಮನುಷ್ಯನು ವಾಹಕನು. ಅವನು ಉಳಿದವರ ಹಾಗೆಯೇ ಉಣ್ಣುವನು, ದುಡಿಯುವನು, ಬದುಕುವನು. ಎರಡೂ ಬದಲಾದವುಗಳಾದರೆ ಮಾತ್ರ ರೋಗವು ಬರುವದು.

ಇನ್ನು ಮದುವೆಯ ಲೆಕ್ಕವನ್ನು ನೋಡೋಣ. ಗಂಡಹೆಂಡರಲ್ಲಿ ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರ ಎರಡೂ ವಂಶವಾಹಿಗಳು ಒಳ್ಳೇವಾಗಿದ್ದರೆ, ಮಕ್ಕಳಿಗೆ ರೋಗವು ಬರುವದಿಲ್ಲ. ಮಕ್ಕಳು ವಾಹಕರಾಗಬಹುದು, ಅಷ್ಟೇ. ರೋಗವುಳ್ಳ ಒಬ್ಬರೂ ಎರಡೂ ಒಳ್ಳೇವಾಗಿರುವ ಒಬ್ಬರೂ ಮದುವೆಯಾದರೆ ಮಕ್ಕಳೆಲ್ಲರೂ ವಾಹಕರಾಗುವರು, ಆದರೆ ಒಬ್ಬನಿಗೂ ರೋಗವಿರುವದಿಲ್ಲ. ಗಂಡನೂ ಹೆಂಡತಿಯೂ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿಯೊಂದು ಗರ್ಭದಲ್ಲಿಯೂ ರೋಗವು ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ವಾಹಕವಾಗುವ ಸಂಭವವು ನಾಲ್ಕರಲ್ಲಿ ಎರಡು ಪಾಲು. ಎರಡೂ ಒಳ್ಳೇವಾಗುವದು ನಾಲ್ಕರಲ್ಲಿ ಒಂದು ಪಾಲು.

ಇಲ್ಲಿ ಅನೇಕರು ತಪ್ಪಾಗಿ ತಿಳಿಯುವದುಂಟು. ಮೊದಲನೆಯ ಮಗುವಿಗೆ ರೋಗ ಬಂತು, ಇನ್ನು ಮೂವರು ಸುಖವಾಗಿ ಹುಟ್ಟುವರೆಂದು ಅವರು ಎಣಿಸುವರು. ಹಾಗಲ್ಲ. ಕವಡೆಯನ್ನು ಎಸೆಯುವವನಿಗೆ ಹಿಂದಿನ ಎಸೆತವು ಮುಂದಿನ ಎಸೆತವನ್ನು ಕಟ್ಟಿಹಾಕುವದಿಲ್ಲವಲ್ಲಾ. ಅದೇ ಪ್ರಕಾರ ಪ್ರತಿ ಗರ್ಭಕ್ಕೂ ಲೆಕ್ಕವು ಹೊಸದಾಗಿಯೇ ಪ್ರಾರಂಭವಾಗುವದು. ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು. ರೋಗವು ತಾಯಿಯ ಕಡೆಯಿಂದ ಮಾತ್ರ ಎಂದಾಗಲಿ ತಂದೆಯ ಕಡೆಯಿಂದ ಮಾತ್ರ ಎಂದಾಗಲಿ ಎಂದಿಗೂ ಬರುವದಿಲ್ಲ. ಇಬ್ಬರೂ ಕೊಟ್ಟರೆ ಮಾತ್ರ ಬರುವದು. ಆದದರಿಂದ ಮಗುವಿನ ರೋಗಕ್ಕೆ ಸೊಸೆಯನ್ನು ದೂರುವ ಅತ್ತೆಯು ಅರ್ಧ ಮಾತನ್ನು ನುಂಗಿಬಿಡುತ್ತಾಳೆ.

3. ಇದು ಶಾಪವಲ್ಲ

ಹುಟ್ಟಿನಿಂದ ಬಂದ ಬಲಹೀನತೆಯನ್ನು ಕಂಡ ಕೂಡಲೆ ಯಾರ ಪಾಪವಿದು, ಯಾರ ಶಾಪವಿದು ಎಂದು ಕೇಳುವ ವಾಡಿಕೆಯು ನಮ್ಮ ಹಳ್ಳಿಗಳಿಂದ ಇನ್ನೂ ಹೋಗಿಲ್ಲ. ಸಭೆಯೊಳಗೆ ಬಂದವರಲ್ಲಿಯೂ ಆ ಹಳೇ ಪ್ರಶ್ನೆಯು ಬೇರೆ ಉಡುಪಿನಲ್ಲಿ ಕಾಣಿಸಿಕೊಳ್ಳುವದುಂಟು. ಈ ರೋಗದ ವಿಷಯದಲ್ಲಾದರೋ ಅದಕ್ಕೆ ತಕ್ಕ ಉತ್ತರವು ದೊರೆತದೆ.

1954ನೆಯ ಇಸವಿಯಲ್ಲಿ ಆಲಿಸನ್ ಎಂಬ ವೈದ್ಯರು ಆಫ್ರಿಕಾ ಖಂಡದ ಮೂಡಣ ಭಾಗದಲ್ಲಿ ವಿಚಾರಿಸಿ ಒಂದು ಸಂಗತಿಯನ್ನು ಪ್ರಕಟಿಸಿದರು. ಏನಂದರೆ, ಮಲೇರಿಯಾ ಚಳಿಜ್ವರವು ಹೆಚ್ಚಾಗಿರುವ ಸೀಮೆಗಳಲ್ಲಿ ವಾಹಕರಾದ ಮಕ್ಕಳಿಗೆ ಆ ಜ್ವರದಿಂದ ಬರುವ ಅಪಾಯವು ಕಡಮೆ. ಉಳಿದ ಮಕ್ಕಳು ಜ್ವರದಿಂದ ಸತ್ತ ಕಡೆಗಳಲ್ಲಿ ವಾಹಕರಾದ ಮಕ್ಕಳು ಹೆಚ್ಚಾಗಿ ಉಳಿದುಕೊಂಡು ಬೆಳೆದು ಮಕ್ಕಳನ್ನು ಪಡೆದರು. ಹೀಗೆಯೇ ಅನೇಕ ತಲೆಮಾರುಗಳಲ್ಲಿ ಬದಲಾದ ಆ ವಂಶವಾಹಿಯು ಕಾಡುಮೇಡಿನ ಜನರಲ್ಲಿ ಹೆಚ್ಚಿತು. ಅಂದರೆ ನೀಲಗಿರಿ, ಬಿಳಿಗಿರಿರಂಗನ ಬೆಟ್ಟಗಳಂಥ ಮಲೇರಿಯಾದ ಸೀಮೆಗಳಲ್ಲಿ ಹಿರಿಯರನ್ನು ಬದುಕಿಸಿದ ಕವಚವೇ ಅದು. ಆ ಕವಚವನ್ನು ಎರಡು ಕಡೆಯಿಂದಲೂ ಪಡೆದ ಮಗುವಿಗೆ ಮಾತ್ರ ಅದು ಭಾರವಾಗುವದು. ಅಂಥ ಮಗುವಿಗೆ ಮಲೇರಿಯಾದಿಂದ ಬಹಳ ಅಪಾಯವಿರುವದರಿಂದ ಅದನ್ನು ಸೊಳ್ಳೆಯ ಪರದೆಯೊಳಗೆ ಮಲಗಿಸಬೇಕು.

ಹೀಗಿರುವಾಗ ಇದರಲ್ಲಿ ನಾಚಿಕೆಪಡತಕ್ಕದ್ದು ಏನದೆ? ಹಿರಿಯರಿಂದ ಬಂದ ಹೊಲದಲ್ಲಿ ಕಲ್ಲೂ ಇರುವದು, ಮಣ್ಣೂ ಇರುವದು. ಕಲ್ಲಿಗಾಗಿ ಹಿರಿಯರನ್ನು ಬೈಯುವವನು ಅವರ ಮಣ್ಣಿನಲ್ಲಿಯೇ ನಿಂತುಕೊಂಡು ಬೈಯುತ್ತಾನೆ.

4. ಚೀಟಿಯನ್ನು ತಪ್ಪಾಗಿ ಓದಿದವರ ಕಥೆಗಳು

ಇಂಥ ಪರೀಕ್ಷೆಗಳು ನಮ್ಮ ದೇಶಕ್ಕಿಂತ ಮೊದಲು ಬೇರೆ ದೇಶಗಳಲ್ಲಿ ನಡೆದವು. ಅಲ್ಲಿ ಏನಾಯಿತೆಂಬದನ್ನು ನಾವು ತಿಳಿದರೆ ಅವರ ಹಳ್ಳದಲ್ಲಿ ನಾವು ಬೀಳುವದಿಲ್ಲ.

ಅಮೆರಿಕಾ ದೇಶದಲ್ಲಿ ಈ ರೋಗವು ಹೆಚ್ಚಾಗಿ ಕಪ್ಪು ಜನರೊಳಗೆ ಉಂಟು. ಮೇಲೆ ಹೇಳಿದ ಪಾಲಿಂಗ್ ಪಂಡಿತರು ಎರಡು ಸಾರಿ ನೊಬೆಲ್ ಬಹುಮಾನವನ್ನು ಪಡೆದ ಮಹಾಬುದ್ಧಿವಂತರು. ಅಂಥವರೇ 1968ನೆಯ ಇಸವಿಯಲ್ಲಿ ವಾಹಕರಾದ ಎಳೇ ಪ್ರಾಯದವರ ಹಣೆಯ ಮೇಲೆ ಒಂದು ಗುರುತನ್ನು ಹಚ್ಚೆ ಹಾಕಬೇಕೆಂದು ಬರೆದರು. ಇಬ್ಬರು ವಾಹಕರು ಒಬ್ಬರನ್ನೊಬ್ಬರು ಪ್ರೀತಿಸದೆ ಇರಲಿ ಎಂಬದೇ ಅವರ ಉದ್ದೇಶ. ರೋಗಿಗಳ ನೋವನ್ನು ಕಡಮೆ ಮಾಡಬೇಕೆಂದೇ ಅವರು ಹಾಗೆ ಬರೆದರು. ಆದರೆ ಮಂದೆಯ ಕುರಿಗೆ ಹಾಕುವ ಗುರುತನ್ನು ಮನುಷ್ಯನ ಹಣೆಗೆ ಹಾಕಬಾರದೆಂಬದು ಅವರಿಗೆ ಹೊಳೆಯಲಿಲ್ಲ. ಹಚ್ಚೆಯ ಮಾತು ನಡೆಯಲಿಲ್ಲ. ಆದರೂ 1970ರ ನಂತರ ಅಲ್ಲಿನ ಅನೇಕ ಸಂಸ್ಥಾನಗಳು ಬಲವಂತದ ಪರೀಕ್ಷೆಯ ಕಾಯ್ದೆಗಳನ್ನು ಮಾಡಿದವು. ಕೆಲವು ಕಾಯ್ದೆಗಳು ವಾಹಕನಿಗೂ ರೋಗಿಗೂ ಇರುವ ಭೇದವನ್ನೇ ಕಾಣಲಿಲ್ಲ. ಕೆಲವರಿಗೆ ಕೆಲಸ ತಪ್ಪಿತು, ಕೆಲವರಿಗೆ ವಿಮೆಯ ಕಂತು ಹೆಚ್ಚಾಯಿತು. ಅಲ್ಲಿನ ವಾಯುಸೇನೆಯ ದೊಡ್ಡ ಶಾಲೆಯಲ್ಲಿ ವಾಹಕರನ್ನು 1981ರ ತನಕ ಸೇರಿಸಿಕೊಳ್ಳದೆ ಇದ್ದರು. 1972ನೆಯ ಇಸವಿಯಲ್ಲಿ ದೇಶದ ದೊಡ್ಡ ಸರಕಾರವು ಪರೀಕ್ಷೆಯು ಸ್ವಂತ ಮನಸ್ಸಿನಿಂದಲೇ ಆಗಬೇಕೆಂಬ ನಿಬಂಧನೆಯೊಡನೆ ಬೇರೊಂದು ಕಾಯ್ದೆಯನ್ನು ಮಾಡಬೇಕಾಗಿ ಬಂತು.

ಇನ್ನೊಂದು ಉದಾಹರಣೆಯು ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರವಾದದ್ದು. ಗ್ರೀಸ್ ದೇಶದಲ್ಲಿ ಓರ್ಖೋಮೆನೋಸ್ ಎಂಬ ಊರುಂಟು. ಅಲ್ಲಿಯೂ ಹಿರಿಯರೇ ಮದುವೆಗಳನ್ನು ನಿಶ್ಚಯಿಸುತ್ತಿದ್ದರು. ಊರಿನಲ್ಲಿ ಹೆಚ್ಚು ಕಡಮೆ ನಾಲ್ಕರಲ್ಲಿ ಒಬ್ಬರು ವಾಹಕರು. ವೈದ್ಯರು ಬಂದು ಪರೀಕ್ಷೆ ಮಾಡಿ ಬುದ್ಧಿ ಹೇಳಿ ಹೋದರು. ಕೆಲವು ವರುಷಗಳ ಮೇಲೆ ಪುನಃ ಬಂದು ನೋಡಲಾಗಿ, ವಾಹಕರಿಗೆ ಊರಿನಲ್ಲಿ ಕಳಂಕವು ಅಂಟಿಕೊಂಡಿತ್ತು. ವಾಹಕರಲ್ಲದವರು ವಾಹಕರ ಮನೆಯಿಂದ ಹೆಣ್ಣು ತರಲು ಹಿಂಜರಿದರು. ವಾಹಕರಾದ ಕೆಲವರು ಸಂಗತಿಯನ್ನು ಮುಚ್ಚಿಟ್ಟು ಮದುವೆಯಾದರು. ಕಡೆಗೆ ವಾಹಕರಿಬ್ಬರ ಮದುವೆಗಳು ಪರೀಕ್ಷೆಯೇ ಇಲ್ಲದಿದ್ದರೆ ಎಷ್ಟು ಆಗುತ್ತಿದ್ದವೋ ಹೆಚ್ಚು ಕಡಮೆ ಅಷ್ಟೇ ಆದವು. ಈ ವರದಿಯು 1970ರ ದಶಕದಲ್ಲಿ ಪ್ರಕಟವಾಯಿತು.

ಇದರಿಂದ ಕಲಿಯತಕ್ಕ ಪಾಠವೇನು? ನಾಚಿಕೆಯು ಇರುವಲ್ಲಿ ಸತ್ಯವು ಅಡಗಿಕೊಳ್ಳುವದು. ವಾಹಕನನ್ನು ಹೀನಾಯ ಮಾಡುವ ಊರಿನಲ್ಲಿ ಒಬ್ಬನೂ ಚೀಟಿಯನ್ನು ಹೊರಗೆ ತೆಗೆಯುವದಿಲ್ಲ, ಆಗ ಚೀಟಿಯಿಂದ ಯಾರಿಗೂ ಪ್ರಯೋಜನವಾಗುವದಿಲ್ಲ.

5. ರೋಗವನ್ನು ಕಳೆಯುವದೂ ಮನುಷ್ಯರನ್ನು ಕಳೆಯುವದೂ

ನಿರ್ಮೂಲ ಎಂಬದು ಬಲವಾದ ಶಬ್ದ. ಕಳೆಯನ್ನು ನಿರ್ಮೂಲ ಮಾಡಬಹುದು, ಸಿಡುಬನ್ನು ನಿರ್ಮೂಲ ಮಾಡಿದ್ದಾಯಿತು. ಆದರೆ ವಂಶದಿಂದ ಬಂದ ರೋಗವು ಮನುಷ್ಯನನ್ನು ಬಿಟ್ಟು ಬೇರೆ ಎಲ್ಲಿಯೂ ಇರುವಂಥದಲ್ಲ. ಆದದರಿಂದ ಈ ಶಬ್ದವನ್ನು ಕೇಳಿದ ರೋಗಿಯು, ನನ್ನಂಥವರು ಹುಟ್ಟದೆ ಇದ್ದರೆ ಒಳ್ಳೇದೆಂದು ಇವರು ಹೇಳುತ್ತಾರಲ್ಲವೇ ಎಂದು ಅಂಜಿದರೆ ಅದು ಆಶ್ಚರ್ಯವಲ್ಲ. ಈ ಅಂಜಿಕೆಗೆ ಹಿಂದೆ ನಡೆದ ಕಾರಣಗಳುಂಟು.

ಅಮೆರಿಕಾದ ವರ್ಜೀನಿಯಾ ಸಂಸ್ಥಾನದಲ್ಲಿ 1906ನೆಯ ಇಸವಿಯಲ್ಲಿ ಕ್ಯಾರಿ ಬಕ್ ಎಂಬ ಹುಡುಗಿಯು ಬಡ ಮನೆಯಲ್ಲಿ ಹುಟ್ಟಿದಳು. ಸಾಕಿದವರ ಮನೆಯಲ್ಲಿ ಆಕೆಗೆ ಬಲಾತ್ಕಾರವಾಗಿ, ಹದಿನೇಳು ವರುಷ ಪ್ರಾಯದಲ್ಲಿ ಹೆಣ್ಣು ಮಗುವಾಯಿತು. ತಾಯಿಯೂ ಮಗಳೂ ಮೊಮ್ಮಗಳೂ ಮೂವರೂ ಬುದ್ಧಿ ಕಡಮೆಯವರು, ಈ ವಂಶವು ಮುಂದೆ ಬೆಳೆಯಬಾರದು ಎಂದು ಅಧಿಕಾರಿಗಳು ಹೇಳಿದರು. ಮಕ್ಕಳಾಗದಂತೆ ಆಕೆಗೆ ಶಸ್ತ್ರಕ್ರಿಯೆ ಮಾಡಬಹುದೆಂದು ದೇಶದ ಅತಿ ದೊಡ್ಡ ನ್ಯಾಯಸ್ಥಾನವು 1927ನೆಯ ಇಸವಿ ಮೇ 2ನೆಯ ತಾರೀಖಿನಲ್ಲಿ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಒಪ್ಪಿದರು. ಆ ವರುಷದಲ್ಲಿಯೇ ಶಸ್ತ್ರಕ್ರಿಯೆಯು ನಡೆಯಿತು. ಬುದ್ಧಿ ಕಡಮೆ ಎಂದು ಬರೆಯಲ್ಪಟ್ಟ ಆ ಮೊಮ್ಮಗಳು ವಿವಿಯನ್ ಎಂಬವಳು ಶಾಲೆಯಲ್ಲಿ ಒಳ್ಳೇ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದು, ಎಂಟು ವರುಷ ಪ್ರಾಯದಲ್ಲಿ ಬೇನೆಯಿಂದ ತೀರಿಹೋದಳು. ಕ್ಯಾರಿ ಬಕ್ 1983ರ ತನಕ ಬದುಕಿದ್ದಳು. ಆಕೆಗೆ ಬೇರೆ ಮಕ್ಕಳಾಗಲಿಲ್ಲ. ಆ ದೇಶದಲ್ಲಿ ಹೀಗೆ ಶಸ್ತ್ರಕ್ರಿಯೆಗೆ ಒಳಗಾದವರು 60,000ಕ್ಕೂ ಹೆಚ್ಚು. 2002ನೆಯ ಇಸವಿಯಲ್ಲಿ ವರ್ಜೀನಿಯಾದ ರಾಜ್ಯಪಾಲರು ಇದಕ್ಕಾಗಿ ಕ್ಷಮೆ ಬೇಡಿದರು.

ಜರ್ಮನಿ ದೇಶದಲ್ಲಿ 1933ನೆಯ ಇಸವಿಯ ಕಾಯ್ದೆಯಿಂದ ಸುಮಾರು 4 ಲಕ್ಷ ಜನರಿಗೆ ಇದೇ ಗತಿಯಾಯಿತು. ದುಃಖದ ಸಂಗತಿಯೇನಂದರೆ, ಕ್ರೈಸ್ತ ಧರ್ಮಶಾಲೆಗಳಲ್ಲಿಯೂ ಅನೇಕವು ಆ ಕಾಯ್ದೆಗೆ ತಲೆಬಾಗಿದವು. ಮಕ್ಕಳನ್ನು ಪಡೆಯಬಾರದೆಂದು ಹೇಳಿದ ಕೈಯೇ ಕೆಲವು ವರುಷಗಳೊಳಗೆ ಬದುಕಬಾರದೆಂದೂ ಬರೆಯಿತು. 1940ರಲ್ಲಿಯೂ 1941ರಲ್ಲಿಯೂ ಅಂಗವಿಕಲರೂ ಮನೋರೋಗಿಗಳೂ ಆದ ಸುಮಾರು 70,000 ಜನರನ್ನು ವಿಷವಾಯುವಿನಿಂದ ಕೊಂದರು. ಆಗ ಲೋಬೆಟಾಲ್ ಎಂಬಲ್ಲಿನ ಧರ್ಮಶಾಲೆಯ ಪಾದ್ರಿ ಪೌಲ್ ಬ್ರೌನೆ ಎಂಬವರು ಸಂಗತಿಗಳನ್ನು ಒಂದೊಂದಾಗಿ ಕೂಡಿಸಿ, 1940ನೆಯ ಇಸವಿ ಜುಲೈ ತಿಂಗಳಲ್ಲಿ ಸರಕಾರಕ್ಕೆ ಬರೆದು ಕಳುಹಿಸಿದರು. ಮರುತಿಂಗಳಲ್ಲಿ ಅವರನ್ನು ಸೆರೆಮನೆಗೆ ಹಾಕಿದರು.

ನಮ್ಮ ದೇಶದ ರಕ್ತಪರೀಕ್ಷೆಯು ಇಂಥ ಕಾರ್ಯವೆಂದು ನಾವು ಹೇಳುತ್ತಿಲ್ಲ. ಅದು ರೋಗಿಗೆ ಔಷಧವನ್ನು ಮುಟ್ಟಿಸುವದಕ್ಕಾಗಿಯೂ ಇದೆ. ಆದರೆ ನೋವನ್ನು ಕಳೆಯುವದು ಬೇರೆ, ನೋಯುವವನನ್ನು ಕಳೆಯುವದು ಬೇರೆ. ಈ ಎರಡರ ನಡುವಿನ ಬದುವನ್ನು ಯಾರೂ ಉತ್ತುಹಾಕದಂತೆ ಎಚ್ಚರವಾಗಿರಬೇಕು.

6. ನಮ್ಮ ದೇಶದ ಕಾಯ್ದೆಯು ಹೇಳುವದೇನು?

ಹಳ್ಳಿಯವರಾದ ನಾವು ಕಾಯ್ದೆ ಎಂದರೆ ಪಟ್ಟಣದವರ ಸಂಗತಿ ಎಂದು ಬಿಟ್ಟುಬಿಡುವದುಂಟು. ಹಾಗೆ ಬಿಡಬಾರದು. ಮುಖ್ಯವಾದ ನಾಲ್ಕು ಸಂಗತಿಗಳನ್ನು ಬಾಯಿಪಾಠ ಮಾಡತಕ್ಕದ್ದು.

ಮೊದಲನೇದು. ವಿಕಲಚೇತನರ ಹಕ್ಕುಗಳನ್ನು ಕುರಿತ 2016ನೆಯ ಇಸವಿಯ ಕಾಯ್ದೆಯು 21 ವಿಧದ ಅಂಗವೈಕಲ್ಯಗಳನ್ನು ಹೆಸರಿಸುವದು. 1995ರ ಹಳೇ ಕಾಯ್ದೆಯಲ್ಲಿ 7 ಮಾತ್ರ ಇದ್ದವು. ಹೊಸದಾಗಿ ಸೇರಿದವುಗಳಲ್ಲಿ ಕುಡುಗೋಲು ಕಣದ ರೋಗವೂ ಒಂದು. ಆದದರಿಂದ ಈ ರೋಗಿಯು ವೈದ್ಯರಿಂದ ಪ್ರಮಾಣಪತ್ರವನ್ನು ಕೇಳಬಹುದು. ನೂರರಲ್ಲಿ 40 ಪಾಲಿಗೆ ಕಡಮೆಯಿಲ್ಲದ ವೈಕಲ್ಯವೆಂದು ಪ್ರಮಾಣವಾದರೆ ಸರಕಾರದ ಉನ್ನತ ವಿದ್ಯಾಶಾಲೆಗಳಲ್ಲಿ ನೂರಕ್ಕೆ 5ರಂತೆ ಇಟ್ಟಿರುವ ಸ್ಥಳಗಳಿಗೆ ಅರ್ಜಿ ಹಾಕಬಹುದು. ಆದರೆ ಸರಕಾರದ ಉದ್ಯೋಗಗಳಲ್ಲಿ ಇಟ್ಟಿರುವ ನೂರಕ್ಕೆ 4ರ ಪಾಲಿನಲ್ಲಿ ರಕ್ತದ ರೋಗಗಳನ್ನು ಕಾಯ್ದೆಯು ಸೇರಿಸಲಿಲ್ಲ. ಇದು ಒಂದು ಕೊರತೆಯೇ ಸರಿ. ವಾಹಕನಾದರೋ ಅಂಗವಿಕಲನಲ್ಲ, ರೋಗಿಯೂ ಅಲ್ಲ.

ಎರಡನೇದು. ಅದೇ ಕಾಯ್ದೆಯ 10ನೆಯ ಕಲಮಿನ ಪ್ರಕಾರ, ಅಂಗವಿಕಲರಾದ ಯಾರಿಗಾದರೂ ಅವರು ತಿಳಿದು ಒಪ್ಪಿಕೊಳ್ಳದೆ ಮಕ್ಕಳಾಗದಂಥ ಶಸ್ತ್ರಕ್ರಿಯೆಯನ್ನು ಮಾಡಕೂಡದು. ಕ್ಯಾರಿ ಬಕ್‌ಗೆ ಆದ ಅನ್ಯಾಯವು ಇಲ್ಲಿ ಕಾಯ್ದೆಯಿಂದ ತಡೆಯಲ್ಪಟ್ಟಿದೆ.

ಮೂರನೇದು. 1994ನೆಯ ಇಸವಿಯ ಗರ್ಭಪರೀಕ್ಷೆಯ ಕಾಯ್ದೆಯು ಕೂಸು ಗಂಡೋ ಹೆಣ್ಣೋ ಎಂದು ಹೇಳುವದನ್ನು ನಿಷೇಧಿಸಿದೆ ಎಂಬದು ಎಲ್ಲರಿಗೂ ಗೊತ್ತು. ಹಿಮೋಗ್ಲೋಬಿನ್ ರೋಗಗಳಂಥ ಕೆಲವು ರೋಗಗಳನ್ನು ಗರ್ಭದಲ್ಲಿ ಪರೀಕ್ಷಿಸುವದಕ್ಕೆ ಅದರಲ್ಲಿ ಅಪ್ಪಣೆಯುಂಟು. ಆದರೆ ಪರೀಕ್ಷೆಯಿಂದ ಬರಬಹುದಾದ ತೊಂದರೆಗಳನ್ನು ಮೊದಲು ಆ ಗರ್ಭಿಣಿಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿಯೇ ಬರಹದ ಒಪ್ಪಿಗೆಯನ್ನು ಪಡೆದು, ಅದರ ಒಂದು ಪ್ರತಿಯನ್ನು ಆಕೆಗೆ ಕೊಡಬೇಕು. ಆ ಒಪ್ಪಿಗೆಯು ಗಂಡನದಲ್ಲ, ಅತ್ತೆಯದಲ್ಲ, ವೈದ್ಯರದೂ ಅಲ್ಲ.

ನಾಲ್ಕನೇದು. ಚಂಡೀಗಡದ ಸರಕಾರಿ ಆಶ್ರಯದಲ್ಲಿದ್ದ, ಬುದ್ಧಿಯ ಬೆಳವಣಿಗೆಯು ತುಸು ಕಡಮೆಯಾದ ಒಬ್ಬ ಪ್ರಾಯದ ಹೆಣ್ಣು ಬಲಾತ್ಕಾರದಿಂದ ಗರ್ಭಿಣಿಯಾಗಿದ್ದಳು. ಆಕೆಗೆ ಮಗು ಬೇಕಿತ್ತು. ಗರ್ಭವನ್ನು ತೆಗೆಯಬೇಕೆಂದು ಕೆಳಗಿನ ನ್ಯಾಯಸ್ಥಾನವು ಹೇಳಿದರೂ, 2009ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ಆಕೆಯ ಒಪ್ಪಿಗೆಯಿಲ್ಲದೆ ಹಾಗೆ ಮಾಡಕೂಡದೆಂದು ತೀರ್ಮಾನಿಸಿತು.

7. ಹೊಸ ಚಿಕಿತ್ಸೆ

ಈ ರೋಗಕ್ಕೆ ಈಗ ಸಹಾಯವುಂಟು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯನ್ನು ವೈದ್ಯರ ಅಪ್ಪಣೆಯ ಪ್ರಕಾರ ದಿನಾಲು ತೆಗೆದುಕೊಂಡರೆ ನೋವಿನ ಬಾಧೆಯು ಅನೇಕರಿಗೆ ಬಹಳ ಕಡಮೆಯಾಗುವದು. ಎಳೇ ಮಕ್ಕಳಿಗೆ ಪೆನಿಸಿಲಿನ್ ಔಷಧವನ್ನೂ ಲಸಿಕೆಗಳನ್ನೂ ತಪ್ಪದೆ ಕೊಟ್ಟರೆ ಜ್ವರಗಳಿಂದ ಸಾಯುವ ಅಪಾಯವು ಬಹಳ ಕಡಮೆಯಾಗುವದು. ಬೇಕಾದಷ್ಟು ನೀರು ಕುಡಿಯುವದು, ಚಳಿಯಲ್ಲಿ ನೆನೆಯದಿರುವದು, ಮೈಮುರಿಯುವಷ್ಟು ದುಡಿಯದಿರುವದು, ಇವೂ ಔಷಧಗಳೇ.

ಇವುಗಳಿಗಿಂತ ಆಶ್ಚರ್ಯವಾದದ್ದು ವಂಶವಾಹಿಯ ಚಿಕಿತ್ಸೆ. ತಾಯಿಯ ಗರ್ಭದಲ್ಲಿರುವ ಕೂಸಿಗೆ ಬೇರೊಂದು ಜಾತಿಯ ಹಿಮೋಗ್ಲೋಬಿನ್ ಇರುವದು, ಅದು ಬಾಗುವದಿಲ್ಲ. ಹುಟ್ಟಿದ ಮೇಲೆ ಶರೀರವು ಅದನ್ನು ಮಾಡುವದನ್ನು ನಿಲ್ಲಿಸಿಬಿಡುವದು. ರೋಗಿಯ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಮೂಲಕಣಗಳನ್ನು ಹೊರಗೆ ತೆಗೆದು, ಕ್ರಿಸ್ಪರ್ ಎಂಬ ಸೂಕ್ಷ್ಮವಾದ ಕತ್ತರಿಯಿಂದ ಆ ತಡೆಯನ್ನು ಕತ್ತರಿಸಿ, ತಿರಿಗಿ ಶರೀರದೊಳಗೆ ಸೇರಿಸಿದರೆ ಕೂಸಿನ ಹಿಮೋಗ್ಲೋಬಿನ್ ಪುನಃ ಹುಟ್ಟುವದು. ಅಮೆರಿಕಾದ ಮಿಸಿಸಿಪಿ ಸಂಸ್ಥಾನದ ವಿಕ್ಟೋರಿಯಾ ಗ್ರೇ ಎಂಬ ತಾಯಿಗೆ 2019ನೆಯ ಇಸವಿಯಲ್ಲಿ ಇದನ್ನು ಮಾಡಿದರು. ಆಕೆಯ ನೋವು ಹೋಯಿತು. 2023ನೆಯ ಇಸವಿ ನವಂಬರ್ ತಿಂಗಳಲ್ಲಿ ಇಂಗ್ಲಿಷರ ಸರಕಾರವೂ ಡಿಸೆಂಬರ್ ತಿಂಗಳಲ್ಲಿ ಅಮೆರಿಕಾದ ಸರಕಾರವೂ ಈ ಚಿಕಿತ್ಸೆಗೆ ಅಪ್ಪಣೆ ಕೊಟ್ಟವು. ಇದರಲ್ಲಿ ಕಷ್ಟವೂ ಉಂಟು. ಹಳೇ ಮಜ್ಜೆಯನ್ನು ಬಲವಾದ ಔಷಧದಿಂದ ಮೊದಲು ನಾಶಮಾಡಬೇಕಾಗುವದು. ಅದರಿಂದ ಮಕ್ಕಳಾಗುವ ಶಕ್ತಿಯು ಹೋಗಬಹುದು. ಬೆಲೆಯಾದರೋ ಅಮೆರಿಕಾದಲ್ಲಿ 22 ಲಕ್ಷ ಡಾಲರು. ನಮ್ಮ ದೇಶದ ವಿಜ್ಞಾನಿಗಳೂ ಕಡಮೆ ವೆಚ್ಚದಲ್ಲಿ ಇದನ್ನು ಸಾಧಿಸುವದಕ್ಕೆ ಪ್ರಯತ್ನಿಸುತ್ತಿದ್ದಾರೆ.

ಇಲ್ಲಿ ನಾವು ಒಂದು ನ್ಯಾಯವನ್ನು ಕೇಳಬೇಕು. ಪೋಡಿನಲ್ಲಿರುವವನಿಗೆ ಚೀಟಿಯು ಮನೆಬಾಗಲಿಗೆ ಬರುವದಾದರೆ ಮಾತ್ರೆಯೂ ಮನೆಬಾಗಲಿಗೆ ಬರಬೇಕು. ಗುರುತಿಸುವದಕ್ಕೆ ಬರುವ ಕಾಲು ಗುಣಪಡಿಸುವದಕ್ಕೆ ಬಾರದೆ ಹೋದರೆ ಆ ಗುರುತು ಭಾರವೇ ಹೊರತು ಉಪಕಾರವಲ್ಲ.

8. ನಾವು ಮಾಡತಕ್ಕದ್ದೇನು?

ಪರೀಕ್ಷೆಗೆ ಕರೆದರೆ ಅಂಜದೆ ಹೋಗಿರಿ. ಆದರೆ ಯಾತಕ್ಕೆ ಎಂದು ಕೇಳಿ ತಿಳಿದು ಹೋಗಿರಿ. ಮೊದಲು ಮಾಡುವ ಕರಗಿಕೆಯ ಪರೀಕ್ಷೆಯಿಂದ ವಾಹಕನೋ ರೋಗಿಯೋ ಎಂಬ ಭೇದವು ತಿಳಿಯುವದಿಲ್ಲ. ಅದಕ್ಕೆ ಎರಡನೆಯ ಪರೀಕ್ಷೆಯು ಬೇಕು. ಅದು ಆಗುವ ತನಕ ಯಾರನ್ನೂ ರೋಗಿ ಎಂದು ಕರೆಯಬೇಡಿರಿ.

ಚೀಟಿಯು ಅದರ ಒಡೆಯನದು. ಶಾಲೆಯ ಉಪಾಧ್ಯಾಯರಾಗಲಿ ತೋಟದ ಮೇಸ್ತ್ರಿಯಾಗಲಿ ಸಭೆಯ ಹಿರಿಯರಾಗಲಿ ಅದನ್ನು ಹತ್ತು ಜನರ ಮುಂದೆ ಓದತಕ್ಕದ್ದಲ್ಲ. ಮದುವೆಯ ಮಾತು ನಡೆಯುವಾಗ ಹುಡುಗನೂ ಹುಡುಗಿಯೂ ತಾವಾಗಿ ಒಬ್ಬರಿಗೊಬ್ಬರು ತಿಳಿಸಿಕೊಳ್ಳುವದು ಒಳ್ಳೇದು. ಒಬ್ಬರು ಮಾತ್ರ ವಾಹಕರಾದರೆ ಹಿಮೋಗ್ಲೋಬಿನ್‌ನ ಬೇರೆ ದೋಷವು ಇನ್ನೊಬ್ಬರಲ್ಲಿ ಇದೆಯೋ ಎಂದು ವೈದ್ಯರನ್ನು ಕೇಳಿಕೊಂಡು ನಿಶ್ಚಿಂತರಾಗಿ ಮುಂದುವರಿಯಲಿ. ಇಬ್ಬರೂ ವಾಹಕರಾದರೆ ನಾಲ್ಕರಲ್ಲಿ ಒಂದರ ಲೆಕ್ಕವನ್ನು ತಿಳಿದು ತಾವೇ ಯೋಚಿಸಲಿ. ಅವರು ಮದುವೆಯಾಗುವದಿಲ್ಲವೆಂದರೆ ಗೌರವಿಸೋಣ, ಆಗುವೆವೆಂದರೂ ಗೌರವಿಸೋಣ. ಅವರ ಮಗುವಿಗೆ ರೋಗ ಬಂದರೆ, ತಿಳಿದೂ ತಿಳಿದೂ ಮಾಡಿಕೊಂಡಿರಿ ಎಂದು ಹೇಳುವ ಬಾಯಿಯು ನಮ್ಮದಾಗದಿರಲಿ.

ಕಡೇದಾಗಿ, ರೋಗವುಳ್ಳವರನ್ನು ಕುರಿತು. ನೋವು ಬಂದಾಗ ಮೈಮೇಲೆ ಗಾಯವಾಗಲಿ ಬಾವಾಗಲಿ ಕಾಣಿಸದೆ ಇರಬಹುದು. ಆದದರಿಂದಲೇ ಇಂಥವರನ್ನು ಸೋಮಾರಿಗಳೆಂದೂ ನಟನೆ ಮಾಡುವವರೆಂದೂ ಹೇಳುವದುಂಟು. ಶಾಲೆಯಲ್ಲಿ ಅಂಥ ಮಗುವಿಗೆ ನೀರು ಕುಡಿಯುವದಕ್ಕೂ ಪದೇ ಪದೇ ಹೊರಗೆ ಹೋಗುವದಕ್ಕೂ ಬಿಡಬೇಕು. ಅದಕ್ಕೆ ಜ್ವರ ಬಂದರೆ ಮಾರನೆಯ ದಿವಸಕ್ಕೆ ಕಾಯದೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಪ್ರಾಯಕ್ಕೆ ಬಂದವರು ಮದುವೆಯಾಗುವದಕ್ಕೂ ಮಕ್ಕಳನ್ನು ಪಡೆಯುವದಕ್ಕೂ ಸಭೆಯಲ್ಲಿ ಕೆಲಸ ವಹಿಸುವದಕ್ಕೂ ಉಳಿದವರಷ್ಟೇ ಹಕ್ಕುಳ್ಳವರು. ಅವರನ್ನು ಕುರಿತು ಮಾತಾಡುವ ಕೂಟಗಳಲ್ಲಿ ಅವರನ್ನೂ ಕೂರಿಸಿ ಅವರ ಮಾತನ್ನು ಮೊದಲು ಕೇಳಬೇಕು. ಯಾಕಂದರೆ ಕುಡುಗೋಲಿನಂಥ ಆ ಕಣವನ್ನು ವೈದ್ಯರು ಯಂತ್ರದಲ್ಲಿ ಕಂಡಿದ್ದಾರೆ; ಅದರ ನೋವನ್ನು ಕಂಡವರು ಅವರೇ.

ವಿಚಾರಿಸತಕ್ಕ ಪ್ರಶ್ನೆಗಳು

1. ವಾಹಕನಿಗೂ ರೋಗಿಗೂ ಇರುವ ಭೇದವೇನು?

2. ಇಬ್ಬರು ವಾಹಕರ ಮೊದಲನೆಯ ಮಗುವಿಗೆ ರೋಗವಿದ್ದರೆ ಎರಡನೆಯ ಗರ್ಭದಲ್ಲಿ ಸಂಭವವೆಷ್ಟು? ಯಾಕೆ?

3. ಬದಲಾದ ಈ ವಂಶವಾಹಿಯು ಕೆಲವು ಸೀಮೆಗಳಲ್ಲಿ ಹೆಚ್ಚಾದದ್ದಕ್ಕೆ ಕಾರಣವೇನು?

4. ಓರ್ಖೋಮೆನೋಸ್ ಊರಿನಲ್ಲಿ ಪರೀಕ್ಷೆಯು ಯಾಕೆ ನಿಷ್ಪ್ರಯೋಜಕವಾಯಿತು? ನಮ್ಮ ಊರಿನಲ್ಲಿ ಹಾಗಾಗದಂತೆ ಏನು ಮಾಡಬಹುದು?

5. ಗರ್ಭದ ಪರೀಕ್ಷೆಗೆ ಯಾರ ಒಪ್ಪಿಗೆಯು ಬೇಕು? ಯಾವ ಭಾಷೆಯಲ್ಲಿ?

6. ನಮ್ಮ ಸಭೆಯಲ್ಲಿ ಈ ರೋಗವಾಗಲಿ ಬೇರೆ ಅಂಗವೈಕಲ್ಯವಾಗಲಿ ಉಳ್ಳವರು ಯಾರು? ಅವರನ್ನು ಕಡೇ ಸಾರಿ ಯಾವಾಗ ಮಾತಾಡಿಸಿದೆವು?